ಬೆಟ್ಟದ ತಿರುವಿಗೊಂದು ಜಾಕ್

ಮೈಸೂರಿನ ರಸ್ತೆಗಳಲ್ಲಿ ಆಗಾಗ ಕಣ್ಣಿಗೆ ಬೀಳುವ ಒಂದು ನೋಟ ಪರಊರಿನವರನ್ನು ಗಾಬರಿಗೊಳಿಸುತ್ತದೆ. ಆಟೋರಿಕ್ಷಾವೊಂದು ರಸ್ತೆಯ ಮಗ್ಗುಲಲ್ಲಿ ಮಲಗಲು ಹೊರಟ ಎಮ್ಮೆಯಂತೆ ಒಂದು ಪಕ್ಕಕ್ಕೆ ವಾಲಿಕೊಂಡಿರುತ್ತದೆ. ಇಬ್ಬರೋ ಮೂವರೋ ಅದರ ಟಾಪಿನ ಕಂಬಿಗೆ ಹೆಗಲು ಕೊಟ್ಟು ನಿಂತಿರುತ್ತಾರೆ. ಖಾಕಿ ಅಂಗಿಯವನೊಬ್ಬ ಕುಕ್ಕರಗಾಲಿನಲ್ಲಿ ಕುಳಿತು, ಗಾಳಿಯಲ್ಲಿ ತೇಲುವ ಚಕ್ರದ ನಟ್ಟುಗಳನ್ನು ಬಿಚ್ಚುತ್ತಿರುತ್ತಾನೆ. ಹೆಗಲು ಕೊಟ್ಟವರಲ್ಲಿ ಒಬ್ಬ ಬೀಡಿ ಸೇದುತ್ತಾ ಕ್ರಿಕೆಟ್ಟಿನ ಸ್ಕೋರು ಹೇಳುತ್ತಿರುತ್ತಾನೆ. ಅಪಘಾತವೇನೂ ಆಗಿಲ್ಲ. ಪಂಕ್ಚರ್ ಆಗಿದೆ, ಅಷ್ಟೇ.

ಸ್ಟೆಪ್ನಿ ಇಲ್ಲದ ಆಟೋ ಸಿಗುವುದು ಕಷ್ಟ. ಆದರೆ ಜಾಕ್ ಇರುವ ಆಟೋ ಹುಡುಕುವುದು ಅದಕ್ಕಿಂತ ಕಷ್ಟ. ಸ್ಟ್ಯಾಂಡಿನಲ್ಲಿ ನಾಲ್ಕು ಜನ ಇರುವಾಗ ಜಾಕ್ ಯಾಕೆ ಬೇಕು ಎಂಬುದು ಚಾಲಕರ ವಾದ. ವಾದದಲ್ಲಿ ಹುರುಳಿಲ್ಲದಿಲ್ಲ. ಹತ್ತು ನಿಮಿಷದ ಕೆಲಸಕ್ಕೆ ನಾಲ್ಕು ಹೆಗಲು ಪುಕ್ಕಟೆ ಸಿಗುವ ಊರಿನಲ್ಲಿ ಕಬ್ಬಿಣ ಹೊತ್ತು ತಿರುಗುವವನನ್ನು ಜಾಣ ಎಂದು ಯಾರೂ ಕರೆಯುವುದಿಲ್ಲ.

ಆದರೆ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಆಟೋ ಸ್ಟ್ಯಾಂಡ್ ಇಲ್ಲ. ಊರಿನ ಮಟ್ಟದಿಂದ ಸುಮಾರು 300 ಮೀಟರ್ ಮೇಲಕ್ಕೆ ಸುತ್ತಿಸುತ್ತಿ ಏರುವ ಆ ರಸ್ತೆಯಲ್ಲಿ ಸಂಜೆ ಕಳೆದ ಮೇಲೆ ಒಂದು ಕಡೆ ಬೆಟ್ಟದ ಬಂಡೆ, ಇನ್ನೊಂದು ಕಡೆ ಕೆಳಗೆ ಮಿಣುಕುವ ಮೈಸೂರಿನ ದೀಪಗಳು. ನೋಡುವವರಿಗೆ ಅದು ಸೊಗಸು. ಹಿಂದಿನ ಚಕ್ರದಲ್ಲಿ ಗಾಳಿ ಇಲ್ಲದವನಿಗೆ ಆ ಸಾವಿರಾರು ದೀಪಗಳಲ್ಲಿ ಒಂದೂ ಪ್ರಯೋಜನಕ್ಕೆ ಬಾರದು. ಕಾರಿನವರು ನಿಲ್ಲಿಸುವುದಿಲ್ಲ. ನಿಲ್ಲಿಸಿದರೂ ತಿರುವಿನಲ್ಲಿ ನಿಲ್ಲಿಸುವುದು ಒಳ್ಳೆಯದಲ್ಲ.

ಅಂಥದೊಂದು ತಿರುವಿನಲ್ಲಿ, ವಾರದ ನಡುವಿನ ಒಂದು ಸಂಜೆ, ಇಪ್ಪತ್ತೈದು ವರ್ಷ ಆಟೋ ಓಡಿಸಿದ ಮೈಸೂರಿನ ಚಾಲಕನೊಬ್ಬನಿಗೆ ಎಡಗಡೆಯ ಹಿಂದಿನ ಚಕ್ರ ಕೈಕೊಟ್ಟಿತು. ದೇವಸ್ಥಾನದಿಂದ ಇಳಿಯುತ್ತಿದ್ದ ವೃದ್ಧ ದಂಪತಿ ಗಾಡಿಯಲ್ಲಿದ್ದರು. ಆತ ಅವರನ್ನು ಇಳಿಸಿ, ಬಂಡೆಯ ಬುಡದಿಂದ ಒಂದು ಗುಂಡುಕಲ್ಲು ತಂದ. ವೃದ್ಧರು ಬೇಡವೆಂದರೂ ಕೇಳದೆ ಕೈಗೂಡಿಸಿದರು. ಗಾಡಿಯನ್ನು ಓರೆ ಮಾಡಿ, ಕಲ್ಲನ್ನು ಕಾಲಿನಿಂದ ಒಳಕ್ಕೆ ತಳ್ಳಿ ಗಾಡಿಯನ್ನು ಅದರ ಮೇಲೆ ಕೂರಿಸಿದ್ದಾಯಿತು. ಚಕ್ರ ಬಿಚ್ಚಿದ. ಸ್ಟೆಪ್ನಿ ತೆಗೆಯಲೆಂದು ಆತ ಕೈ ಹಿಂದಕ್ಕೆ ಎಳೆದುಕೊಂಡದ್ದೂ ಗುಂಡುಕಲ್ಲು ಇಳಿಜಾರಿನಲ್ಲಿ ಉರುಳಿದ್ದೂ ಗಾಡಿ ದಢಕ್ಕನೆ ನೆಲಕ್ಕೆ ಕುಕ್ಕರಿಸಿದ್ದೂ ಹೆಚ್ಚುಕಡಿಮೆ ಒಟ್ಟಿಗೇ ನಡೆಯಿತು. ಆತನ ಒಂದು ಬೆರಳಿನ ಉಗುರು ಹೋಯಿತು. ಬೆರಳು ಉಳಿಯಿತು. ವೃದ್ಧರು ಅಲ್ಲಿಯೇ ಬೆಟ್ಟದ ಕಡೆ ತಿರುಗಿ ಕೈಮುಗಿದರು.

ಮನೆಯಲ್ಲಿ ಉಗುರಿನ ಸಂಗತಿ ಮುಚ್ಚಿಡಲು ಆಗಲಿಲ್ಲ. ಹೆಂಡತಿ ಅರಿಸಿನ ಹಚ್ಚುತ್ತಾ ಏನೂ ಮಾತಾಡಲಿಲ್ಲ. ಮಾತಾಡಿದವಳು ಮಗಳು. ಡಿಪ್ಲೊಮಾ ಎರಡನೆಯ ವರ್ಷ, ಮೆಕ್ಯಾನಿಕಲ್. ಆ ವಿಭಾಗಕ್ಕೆ ಹೆಣ್ಣುಮಗಳೇಕೆ ಎಂದು ನೆಂಟರೆಲ್ಲ ಮೂಗು ಮುರಿದಾಗ ಅಪ್ಪ ಒಬ್ಬನೇ ಬೆಂಬಲಕ್ಕೆ ನಿಂತಿದ್ದ. ಈಗ ಅದರ ಫಲ ಉಣ್ಣುವ ಸರದಿ ಅವನದಾಯಿತು.

‘ಅಪ್ಪಾ, ಒಂದು ಜಾಕ್ ತಗೋಬೇಕು.’

‘ಇಪ್ಪತ್ತೈದು ವರ್ಷದಿಂದ ಗಾಡಿ ಓಡಿಸ್ತಾ ಇದೀನಿ. ಒಂದು ದಿನಾನೂ ಬೇಕು ಅನ್ನಿಸ್ಲಿಲ್ಲ ಕಣಮ್ಮ.’

‘ಬೇಕಾಗಿತ್ತು. ನಿನಗೆ ಅನ್ನಿಸ್ಲಿಲ್ಲ, ಅಷ್ಟೇ.’

ಇಂಥ ಮಾತಿಗೆ ತಂದೆಯಾದವನ ಬಳಿ ಉತ್ತರವಿರುವುದಿಲ್ಲ. ಖರ್ಚಿನ ಮಾತೆತ್ತುವುದೊಂದೇ ದಾರಿ. ಅದೂ ಸುಳ್ಳಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಆಷಾಢದ ಶುಕ್ರವಾರಗಳಲ್ಲಿ ಖಾಸಗಿ ವಾಹನಗಳನ್ನು ಕೆಳಗೇ ತಡೆದು ಭಕ್ತರನ್ನು ಬಸ್ಸುಗಳಲ್ಲಿ ಮೇಲೆ ಕರೆದೊಯ್ಯುವ ಏರ್ಪಾಡು ಅದಕ್ಕೂ ಹಿಂದಿನದು. ಬೆಟ್ಟದ ಬಾಡಿಗೆ ಮೊದಲಿನಂತಿಲ್ಲ. ಮಗಳ ಫೀಸು ಕಟ್ಟುವ ತಿಂಗಳು ಬೇರೆ. ಆದರೆ ಮರುದಿನ ಬೆಳಿಗ್ಗೆ ಆತ ಗಾಡಿ ತೆಗೆಯಲು ಹೋದಾಗ ಮೀಟರಿನ ಮೇಲೆ ಮಡಿಸಿದ ನೋಟುಗಳಿದ್ದವು. ಹೆಂಡತಿಯ ಚೀಟಿ ದುಡ್ಡು. ಚರ್ಚೆ ಅಲ್ಲಿಗೆ ಮುಗಿಯಿತು.

ಜಾಕ್ ಕೊಳ್ಳಲು ಹೋದವರನ್ನು ಅಂಗಡಿಯವನು ಮೊದಲು ಕೇಳುವ ಪ್ರಶ್ನೆ ‘ಎಷ್ಟು ಟನ್ನಿನದು ಬೇಕು?’ ಎಂದು. ಕೊಳ್ಳುವವನಿಗೂ ಆ ಪ್ರಶ್ನೆ ಇಷ್ಟ. ಟನ್ನು ಹೆಚ್ಚಿದಷ್ಟೂ ಗಟ್ಟಿ ಎಂಬ ನಂಬಿಕೆ. ಆದರೆ ಮೂರು ಚಕ್ರದ ಗಾಡಿಯ ಮಟ್ಟಿಗೆ ಇದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮಗಳು ನೋಟ್ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಹಾಕಿದಳು. ಖಾಲಿ ಆಟೋದ ತೂಕ ಮಾದರಿಗೆ ತಕ್ಕಂತೆ 300ರಿಂದ 400 ಕೆ.ಜಿ. 350 ಎಂದಿಟ್ಟುಕೊಳ್ಳೋಣ. ಇಂಜಿನ್ ಹಿಂದಿರುವುದರಿಂದ ಮೂರರಲ್ಲಿ ಎರಡು ಪಾಲು ತೂಕ ಹಿಂದಿನ ಚಕ್ರಗಳ ಮೇಲೆ ಎನ್ನೋಣ. ಆಗ ಒಂದೊಂದು ಹಿಂದಿನ ಚಕ್ರ ಹೊರುವುದು ಸುಮಾರು 120 ಕೆ.ಜಿ., ಎಂದರೆ ಎರಡು ಮೂಟೆ ಅಕ್ಕಿಗಿಂತ ತುಸು ಹೆಚ್ಚು. ಅಂಗಡಿಯಲ್ಲಿ ಸಿಗುವ ಅತಿ ಚಿಕ್ಕ ಜಾಕ್ ಕೂಡ ಇದರ ಹಲವು ಪಟ್ಟು ಎತ್ತಬಲ್ಲದು. ಎರಡು ಟನ್, ಮೂರು ಟನ್ ಎಂದು ದುಡ್ಡು ಸುರಿಯುವುದು ಲಾರಿಯವರ ಕೆಲಸ.

ಹಾಗಾದರೆ ತೊಡಕು ಎಲ್ಲಿದೆ? ತೊಡಕಿರುವುದು ಆ ಮೂರು ಎಂಬ ಸಂಖ್ಯೆಯಲ್ಲಿ.

ಹಳ್ಳಿಯ ಮನೆಗಳ ಹಿತ್ತಲಲ್ಲಿ, ಮದುವೆ ಮನೆಯ ಅಡುಗೆ ಚಪ್ಪರದಲ್ಲಿ ಮೂರು ಕಲ್ಲಿನ ಒಲೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರು ಕಲ್ಲಿನ ಮೇಲೆ ಪಾತ್ರೆ ಎಂದೂ ಅಲ್ಲಾಡದು, ನೆಲ ಏರುಪೇರಾಗಿದ್ದರೂ ಚಿಂತೆಯಿಲ್ಲ. ನಾಲ್ಕು ಕಾಲಿನ ಮಂಚ ಕುಂಟುತ್ತದೆ, ಮುಕ್ಕಾಲಿ ಕುಂಟುವುದಿಲ್ಲ. ಆದರೆ ಆ ಮೂರರಲ್ಲಿ ಒಂದು ಕಲ್ಲನ್ನು ತೆಗೆದರೆ? ಕಾರಿನ ಒಂದು ಚಕ್ರ ಎತ್ತಿದಾಗ ಉಳಿದ ಮೂರು ಚಕ್ರಗಳು ನೆಲಕ್ಕೆ ಕಚ್ಚಿಕೊಂಡಿರುತ್ತವೆ. ಆಟೋದ ಒಂದು ಚಕ್ರ ಎತ್ತಿದರೆ ಉಳಿಯುವುದು ಎರಡು. ಎರಡರ ಮೇಲೆ ಯಾವ ಗಾಡಿಯೂ ತಾನಾಗಿ ನಿಲ್ಲದು. ಮೂರನೆಯ ಕಲ್ಲು ಜಾಕ್. ಅದು ಕಾರಿನಲ್ಲಿ ಸಹಾಯಕ, ಆಟೋದಲ್ಲಿ ಕಾಲು. ಸಹಾಯಕ ಸ್ವಲ್ಪ ಸಡಿಲವಾಗಿದ್ದರೆ ಹೇಗೋ ನಡೆದೀತು. ಕಾಲು ಸಡಿಲವಾದರೆ ಬೀಳುವುದೊಂದೇ ಬಾಕಿ.

ಇದರ ಜೊತೆಗೆ ಇನ್ನೊಂದಿದೆ. ಹಿಂದಿನ ಎಡ ಚಕ್ರವನ್ನು ಎತ್ತಿದಾಗ ಗಾಡಿ ನೇರವಾಗಿ ಮೇಲೇಳುವುದಿಲ್ಲ. ಮುಂದಿನ ಚಕ್ರ ಮತ್ತು ಬಲ ಚಕ್ರಗಳನ್ನು ಸೇರಿಸುವ ಗೆರೆಯನ್ನೇ ಬಾಗಿಲ ತಿರುಗಣಿಯಂತೆ ಮಾಡಿಕೊಂಡು ಇಡೀ ಗಾಡಿ ತಿರುಗುತ್ತದೆ. ಒಂದು ಗೇಣಿನ ಅರ್ಧದಷ್ಟು ಎತ್ತಿದರೆ ಐದಾರು ಡಿಗ್ರಿ ವಾಲುತ್ತದೆ. ಜಾಕಿನ ತಲೆಯ ಮೇಲೆ ಕುಳಿತ ಕಬ್ಬಿಣವೂ ಅಷ್ಟೇ ವಾಲಿ, ಅದನ್ನು ಒಳಕ್ಕೆ ಎಳೆಯುತ್ತದೆ. ಆದ್ದರಿಂದ ಜಾಕಿನ ಬುಡ ಅಗಲವಾಗಿರಬೇಕು, ತಲೆಯಲ್ಲಿ ಕಬ್ಬಿಣ ಜಾರದಂತೆ ಹಿಡಿಯುವ ಬಟ್ಟಲೋ ತೋಡೋ ಇರಬೇಕು. ಗಟ್ಟಿ ಎಂದರೆ ಟನ್ನಿನ ಲೆಕ್ಕವಲ್ಲ, ಪಕ್ಕಕ್ಕೆ ತಳ್ಳಿದರೆ ಬಗ್ಗದಿರುವುದು.

ಮೈಸೂರಿನವರಿಗೆ ಎರಡು ಚಕ್ರದ ಗಾಡಿಯ ಇತಿಹಾಸ ಚೆನ್ನಾಗಿ ಗೊತ್ತು. 1961ರಿಂದ ಇಲ್ಲಿಯೇ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ, ಅನಂತರ ಯೆಜ್ಡಿ ಮೋಟಾರ್‌ಸೈಕಲ್ಲುಗಳು ತಯಾರಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ಗಾಡಿಗಳ ಕಿಕ್ ಹೊಡೆಯುವ ಕಾಲೇ ಮಡಿಚಿದರೆ ಗೇರಿನ ಕಾಲಾಗುತ್ತಿತ್ತು ಎಂದು ಇಂದಿಗೂ ಹಿರಿಯ ಮೆಕ್ಯಾನಿಕ್ಕುಗಳು ಹೆಮ್ಮೆಯಿಂದ ಹೇಳುತ್ತಾರೆ. ಅಂಥ ಬೈಕಿಗೆ ಜಾಕ್ ಬೇಕಾಗಿರಲಿಲ್ಲ. ಸೆಂಟರ್ ಸ್ಟ್ಯಾಂಡಿನ ತುದಿಯನ್ನು ಕಾಲಿನಿಂದ ಮೆಟ್ಟಿ ಹಿಂದಕ್ಕೆ ಎಳೆದರೆ ಗಾಡಿ ತನ್ನನ್ನು ತಾನೇ ಎತ್ತಿಕೊಳ್ಳುತ್ತಿತ್ತು. ಎರಡು ಚಕ್ರದ್ದು ನಿಲ್ಲಲಾರದು, ಆದ್ದರಿಂದ ಅದಕ್ಕೆ ಸ್ಟ್ಯಾಂಡ್ ಕೊಟ್ಟರು. ಮೂರು ಚಕ್ರದ್ದು ತಾನೇ ನಿಲ್ಲುತ್ತದೆ, ಆದ್ದರಿಂದ ಕೊಡಲಿಲ್ಲ. ಆಟೋ ಹುಟ್ಟಿದ್ದೂ ಸ್ಕೂಟರಿನ ಹೊಟ್ಟೆಯಲ್ಲೇ. ಇಟಲಿಯ ಪಿಯಾಜಿಯೋ ಕಂಪನಿ ಎರಡನೆಯ ಮಹಾಯುದ್ಧದ ನಂತರ ವೆಸ್ಪಾ ಸ್ಕೂಟರ್ ಮಾಡಿ, 1948ರಲ್ಲಿ ಅದರ ಹಿಂದಕ್ಕೆ ಇನ್ನೊಂದು ಚಕ್ರ ಸೇರಿಸಿ ‘ಆಪೆ’ ಎಂಬ ಸಾಮಾನು ಗಾಡಿ ಹೊರತಂದಿತು. ಇಟಾಲಿಯನ್ ಭಾಷೆಯಲ್ಲಿ ವೆಸ್ಪಾ ಎಂದರೆ ಕಣಜ, ಆಪೆ ಎಂದರೆ ಜೇನುಹುಳು. ಇಂದಿಗೂ ಆಟೋಗೆ ಸ್ಟೀರಿಂಗ್ ಚಕ್ರವಿಲ್ಲ, ಹ್ಯಾಂಡಲ್. ಎಡಗೈಯಲ್ಲಿ ಕ್ಲಚ್ ಹಿಡಿದು ತಿರುಚಿದರೆ ಗೇರು. ಮೋಟಾರ್‌ಸೈಕಲ್ಲಿನ ಜಾತಿ, ಕಾರಿನ ಸಂಸಾರ.

ಅಂಗಡಿ ಸುತ್ತುವ ಕೆಲಸ ಒಂದು ವಾರ ನಡೆಯಿತು. ಚಾಲಕನ ಮೊದಲ ಒಲವು ಗುಜರಿಯ ಕಡೆಗೆ. ಹಳೆಯ ಮಾರುತಿ 800ರ ಕತ್ತರಿ ಜಾಕುಗಳು ಗುಜರಿಯಲ್ಲಿ ಸಿಗುತ್ತವೆ. ಕಾರು ಎತ್ತಿದ್ದು ಆಟೋ ಎತ್ತದೇ ಎಂಬುದು ಆತನ ತರ್ಕ. ಮಗಳು ಒಂದನ್ನು ಕೈಗೆತ್ತಿಕೊಂಡು ಎರಡು ತೋಳುಗಳನ್ನೂ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದಳು. ಅದು ಹಲ್ಲು ಸಡಿಲವಾದ ಮುದುಕರ ದವಡೆಯಂತೆ ಆಡಿತು. ಕೀಲಿನ ತೂತುಗಳು ದುಂಡಗೆ ಇರಬೇಕಾದಲ್ಲಿ ಮೊಟ್ಟೆಯಾಕಾರಕ್ಕೆ ತಿರುಗಿದ್ದವು. ‘ಇದು ಎತ್ತುತ್ತೆ ಅಪ್ಪಾ, ನಿಲ್ಲೋದಿಲ್ಲ’ ಎಂದಳು. ಗುಜರಿಯವನು ಬೇಸರಪಟ್ಟುಕೊಂಡ.

ಮೆಕ್ಯಾನಿಕ್ಕಿನ ಸಲಹೆ ಬೇರೆ. ಆತನ ಶೆಡ್ಡಿನಲ್ಲಿ ಚಕ್ರಗಳ ಮೇಲೆ ಉರುಳುವ ಟ್ರಾಲಿ ಜಾಕ್ ಇದೆ. ಬುಡ ಅಗಲ, ತಗ್ಗಾದ ಜಾಗಕ್ಕೂ ಹೋಗುತ್ತದೆ, ಹಿಡಿಯನ್ನು ನಾಲ್ಕು ಬಾರಿ ಒತ್ತಿದರೆ ಗಾಡಿ ಮೇಲೆ. ಇದಕ್ಕಿಂತ ಒಳ್ಳೆಯದಿಲ್ಲ, ನಿಜ. ಆದರೆ ಅದು ಸಿಮೆಂಟ್ ನೆಲದ ರಾಜ. ಬೆಟ್ಟದ ಇಳಿಜಾರಿನಲ್ಲಿ ಚಕ್ರವಿರುವ ಗಾಡಿಯನ್ನು ಚಕ್ರವಿರುವ ಜಾಕಿನ ಮೇಲೆ ಕೂರಿಸುವ ಧೈರ್ಯ ಯಾರಿಗಿದೆ? ಭಾರವೂ ಹೆಚ್ಚು. ಪ್ರಯಾಣಿಕರ ಚೀಲ ಇಡುವ ಜಾಗವನ್ನೆಲ್ಲ ಅದೇ ನುಂಗುತ್ತದೆ.

ಉಳಿದದ್ದು ಎರಡು: ಎಣ್ಣೆಯ ಬಾಟಲ್ ಜಾಕ್ ಮತ್ತು ತಿರುಪಿನ ಜಾಕ್. ವಿದ್ಯಾರ್ಥಿಗಳು ಎರಡನ್ನೂ ಪಠ್ಯಪುಸ್ತಕದಲ್ಲಿ ಓದಿಯೇ ಇರುತ್ತಾರೆ, ಆದರೆ ಕೈಗೆ ಗ್ರೀಸ್ ಅಂಟಿಸಿಕೊಂಡು ಓದಿರುವುದಿಲ್ಲ. ಬಾಟಲ್ ಜಾಕಿನ ಒಳಗೆ ಕೂತಿರುವುದು ಹದಿನೇಳನೆಯ ಶತಮಾನದ ಫ್ರೆಂಚ್ ವಿದ್ವಾಂಸ ಬ್ಲೇಸ್ ಪ್ಯಾಸ್ಕಲ್‌ನ ನಿಯಮ. ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. 1 ಚದರ ಸೆಂ.ಮೀ. ಕೊಂತದ ಮೇಲೆ 10 ಕೆ.ಜಿ. ಒತ್ತಿದರೆ 10 ಚದರ ಸೆಂ.ಮೀ. ಕೊಂತ 100 ಕೆ.ಜಿ. ಎತ್ತುತ್ತದೆ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಇದನ್ನೇ ಬಳಸಿ ದೊಡ್ಡ ಒತ್ತುಯಂತ ಮಾಡಿ ಪೇಟೆಂಟ್ ಪಡೆದ. ಪುಕ್ಕಟೆ ಏನೂ ಇಲ್ಲ: ಚಿಕ್ಕ ಕೊಂತ 10 ಸೆಂ.ಮೀ. ಇಳಿದರೆ ದೊಡ್ಡದು ಏರುವುದು 1 ಸೆಂ.ಮೀ. ಮಾತ್ರ. ಆದರೂ ಕೈಗೆ ಹಗುರ. ಅದರ ದೌರ್ಬಲ್ಯವಿರುವುದು ಒಂದು ರಬ್ಬರ್ ಬಳೆಯಲ್ಲಿ. ಬಳೆ ಸವೆದರೆ ಎಣ್ಣೆ ಜಿನುಗುತ್ತದೆ, ಎತ್ತಿದ ಗಾಡಿ ಸದ್ದಿಲ್ಲದೆ ಕೆಳಗಿಳಿಯುತ್ತದೆ. ಸೀಟಿನ ಕೆಳಗೆ ಅಡ್ಡಡ್ಡಲಾಗಿ ಬಿದ್ದು, ವರ್ಷಕ್ಕೆ ಎರಡು ಬಾರಿ ಬಳಕೆಯಾಗುವ ಜಾಕಿನಲ್ಲಿ ಎಣ್ಣೆ ಎಷ್ಟು ಉಳಿದಿದೆ ಎಂದು ನೋಡುವವರು ಯಾರು?

ತಿರುಪಿನ ಜಾಕನ್ನು ವಿವರಿಸಲು ಮಗಳಿಗೆ ಪುಸ್ತಕ ಬೇಕಾಗಲಿಲ್ಲ. ಕಿಟಕಿಯಿಂದ ಬೆಟ್ಟ ಕಾಣುತ್ತಿತ್ತು. ದೊಡ್ಡ ದೇವರಾಜ ಒಡೆಯರು ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ ಸಾವಿರ ಮೆಟ್ಟಿಲುಗಳು ಬುಡದಿಂದ ದೇವಿಯ ಸನ್ನಿಧಿಗೆ ಹೆಚ್ಚುಕಡಿಮೆ ನೇರವಾಗಿ ಏರುತ್ತವೆ. ದೊಡ್ಡ ನಂದಿಯ ಬಳಿ ಬರುವಷ್ಟರಲ್ಲಿ ಏದುಸಿರು. ವಾಹನದ ರಸ್ತೆ ಏರುವುದೂ ಅಷ್ಟೇ ಎತ್ತರವನ್ನು. ಆದರೆ ಬೆಟ್ಟವನ್ನು ಬಳಸಿ, ದೂರ ಮಾಡಿಕೊಂಡು ಏರುತ್ತದೆ. ಆದ್ದರಿಂದಲೇ ಮೂರು ಜನರನ್ನು ಕೂರಿಸಿಕೊಂಡ ಆಟೋ ಗೊಣಗುತ್ತಲಾದರೂ ಮೇಲೆ ತಲುಪುತ್ತದೆ. ‘ತಿರುಪು ಅಂದ್ರೆ ಇದೇ ಅಪ್ಪಾ. ಕಂಬಿಗೆ ಸುತ್ತಿದ ಬೆಟ್ಟದ ರಸ್ತೆ.’ ಇಪ್ಪತ್ತೈದು ವರ್ಷ ಆ ರಸ್ತೆಯಲ್ಲಿ ಗೇರು ಬದಲಿಸಿದವನಿಗೆ ಬೇರೆ ವ್ಯಾಖ್ಯಾನ ಬೇಕಿರಲಿಲ್ಲ.

ಲೆಕ್ಕವನ್ನೂ ಆಕೆ ಹೇಳಿದಳು. 15 ಸೆಂ.ಮೀ. ಉದ್ದದ ಹಿಡಿ ಒಂದು ಸುತ್ತು ತಿರುಗಿದಾಗ ಕೈ ಸಾಗುವುದು ಸುಮಾರು 94 ಸೆಂ.ಮೀ. ತಿರುಪು ಮುಂದೆ ಸಾಗುವುದು 3 ಮಿ.ಮೀ. ಎಂದಾದರೆ, ಕೈಯ ಬಲ 300 ಪಟ್ಟು ಹೆಚ್ಚಿದಂತೆ. ಅಷ್ಟು ನಮಗೆ ದಕ್ಕುವುದಿಲ್ಲ. ಅರ್ಧಕ್ಕಿಂತ ಹೆಚ್ಚನ್ನು ಘರ್ಷಣೆ ತಿನ್ನುತ್ತದೆ. ಪರೀಕ್ಷೆಯಲ್ಲಿ ಘರ್ಷಣೆಯನ್ನು ನಷ್ಟ ಎಂದು ಬರೆಯುತ್ತೇವೆ. ಇಲ್ಲಿ ಮಾತ್ರ ಅದೇ ಕಾವಲುಗಾರ. ಕೈ ಬಿಟ್ಟರೂ ತಿರುಪು ಹಿಂದಕ್ಕೆ ಸುತ್ತಿಕೊಳ್ಳದೆ, ಭಾರವನ್ನು ಹೊತ್ತು ಇದ್ದಲ್ಲೇ ನಿಲ್ಲುವುದು ಆ ಘರ್ಷಣೆಯಿಂದಲೇ. ಹತ್ತುವಾಗ ಅರ್ಧಕ್ಕಿಂತ ಹೆಚ್ಚು ಶ್ರಮ ತಿನ್ನದ ತಿರುಪು ಇಳಿಯುವಾಗ ತಡೆದು ನಿಲ್ಲಿಸಲಾರದು. ಎಣ್ಣೆಯ ಜಾಕ್ ರಬ್ಬರನ್ನು ನಂಬುತ್ತದೆ, ತಿರುಪಿನ ಜಾಕ್ ಕಬ್ಬಿಣದ ಉಜ್ಜಾಟವನ್ನು. ಬೆಟ್ಟದ ತಿರುವಿನಲ್ಲಿ ನಂಬಬೇಕಾದದ್ದು ಎರಡನೆಯದನ್ನು.

ಇಷ್ಟಾದರೂ ಆಕೆ ಕೊಳ್ಳಲು ಬಿಡಲಿಲ್ಲ. ಗಾಡಿಯ ಅಡಿ ಎಷ್ಟು ಎತ್ತರವಿದೆ ಎಂದು ಅಳೆಯಬೇಕಂತೆ. ಅಪ್ಪ ಸ್ಕೇಲು ಕೊಟ್ಟ. ಆಕೆ ಸ್ಕೇಲು ಹಿಡಿದು ಕುಳಿತು, ‘ಮೊದಲು ಗಾಳಿ ಬಿಡು’ ಎಂದಳು. ಚೆನ್ನಾಗಿರುವ ಚಕ್ರದ ಗಾಳಿ ತೆಗೆಯುವುದೆಂದರೆ ಆಟೋದವನಿಗೆ ಹಾಲು ಚೆಲ್ಲಿದಷ್ಟು ಸಂಕಟ. ಆದರೆ ಇಡೀ ಆಯ್ಕೆಯ ಜೀವಾಳ ಅದರಲ್ಲಿತ್ತು. ಗಾಳಿ ತುಂಬಿದ ಚಕ್ರದ ಮೇಲೆ ನಿಂತಾಗ ಚಕ್ರವನ್ನು ಹಿಡಿದ ಉಕ್ಕಿನ ತೋಳಿನ ಕೆಳಗೆ 15 ಸೆಂ.ಮೀ. ಇತ್ತು. ಗಾಳಿ ಹೋದ ಮೇಲೆ 10 ಉಳಿಯಿತು. ಆಟೋದ ಚಕ್ರವೇ ಚಿಕ್ಕದು, ರಿಮ್ಮಿನ ಅಳತೆ 8 ಇಂಚು. ಅಂಗಡಿಯ ಕಪಾಟಿನಲ್ಲಿ ಗಟ್ಟಿಯಾಗಿ ಕಾಣುವ ಬಾಟಲ್ ಜಾಕುಗಳಲ್ಲಿ ಹೆಚ್ಚಿನವು ಪೂರ್ತಿ ಇಳಿಸಿದಾಗಲೂ ಅದಕ್ಕಿಂತ ಎತ್ತರ. ಜಾಕ್ ಬೇಕಾಗುವುದು ಪಂಕ್ಚರ್ ಆದಾಗ. ಪಂಕ್ಚರ್ ಆದಾಗಲೇ ಅದು ಒಳಗೆ ತೂರದು. ಎಷ್ಟು ಜನ ಇದನ್ನು ರಸ್ತೆಯಲ್ಲಿ ಕುಳಿತ ಮೇಲೆ ಕಂಡುಕೊಂಡಿರಬಹುದು!

ಎಲ್ಲಿಗೆ ಜಾಕ್ ಕೊಡಬೇಕೆಂಬುದೂ ಅಳತೆಯಷ್ಟೇ ಮುಖ್ಯ. ಚಾಸಿಸ್ಸಿಗೆ ಕೊಟ್ಟರೆ ಮೊದಲು ಸ್ಪ್ರಿಂಗ್ ಹಿಗ್ಗುತ್ತದೆ. ಗಾಡಿ ಏರಿದರೂ ಚಕ್ರ ನೆಲ ಬಿಡುವುದಿಲ್ಲ, ಬಹಳ ಎತ್ತರಕ್ಕೆ ಎತ್ತಬೇಕು. ಚಕ್ರ ಹಿಡಿದ ತೋಳಿಗೇ ಕೊಟ್ಟರೆ ಸ್ವಲ್ಪ ಎತ್ತಿದರೆ ಸಾಕು. ಎತ್ತರ ಕಡಿಮೆಯಾದಷ್ಟೂ ವಾಲುವುದು ಕಡಿಮೆ. ನೆಲದ ತಗಡಿಗೋ ಇಂಜಿನ್ನಿನ ಕೋಶಕ್ಕೋ ಜಾಕ್ ಕೊಡುವವರೂ ಇದ್ದಾರೆ. ಅವರಿಂದ ತಗಡು ಬಡಿಯುವವನಿಗೆ ಜೀವನ ನಡೆಯುತ್ತದೆ. ಇನ್ನು ಮುಂದಿನ ಚಕ್ರದ್ದು ದೊಡ್ಡ ಮಾತಲ್ಲ. ಅಲ್ಲಿ ಭಾರ ಕಡಿಮೆ, ಹಿಂದಿನ ಎರಡೂ ಚಕ್ರಗಳು ನೆಲದ ಮೇಲಿರುತ್ತವೆ.

ಕೊನೆಗೆ ಕೊಂಡದ್ದು ಚಿಕ್ಕ ಕಾರುಗಳಿಗೆಂದು ಮಾಡಿದ ಹೊಸ ಕತ್ತರಿ ಜಾಕ್. 1 ಟನ್ನಿನದು. ಮಡಚಿದಾಗ ಅಂಗೈ ಅಗಲದ ಎತ್ತರ, ಅಗಲವಾದ ಬುಡ, ತಲೆಯಲ್ಲಿ ತೋಡು, ಒಳಗೆ ತಿರುಪು. ಅಂಗಡಿಯವನು ಮೂರು ಟನ್ನಿನದು ಇನ್ನೂರು ರೂಪಾಯಿ ಹೆಚ್ಚಿಗೆ ಅಷ್ಟೇ ಎಂದು ಹೇಳಿ ನೋಡಿದ. ಚಾಲಕ ಈಗ ಪಂಡಿತನಾಗಿದ್ದ. ಕತ್ತರಿ ಜಾಕಿಗೂ ಒಂದು ಹಟವಿದೆ. ಪೂರ್ತಿ ಮಡಚಿಕೊಂಡಿದ್ದಾಗ ತೋಳುಗಳು ಹೆಚ್ಚುಕಡಿಮೆ ಮಲಗಿರುವುದರಿಂದ ಮೊದಲ ಕೆಲವು ಸುತ್ತುಗಳು ಬಿಗಿ. ಏರಿದಂತೆ ಹಗುರ. ಅಡುಗೆಮನೆಯ ಹೆಂಗಸರಿಗೆ ಹೇಳಿದರೆ, ಹೊಸ ಸೊಸೆಯೂ ಹಾಗೆಯೇ ಎಂದು ನಕ್ಕಾರು.

10 ಸೆಂ.ಮೀ. ಸಂದಿಗೆ ಅದೂ ಬಿಗಿಯೇ. ಮಣ್ಣಿನ ಮೇಲಾದರೆ ಜಾಕಿನ ಕೆಳಗೆ ಏನಾದರೂ ಹಾಸಬೇಕು, ಇಲ್ಲದಿದ್ದರೆ ಗಾಡಿ ಮೇಲೇಳುವ ಬದಲು ಜಾಕ್ ಕೆಳಗಿಳಿಯುತ್ತದೆ. ಹಲಗೆ ಹಾಸಿದರೆ ಜಾಕ್ ಒಳಗೆ ಹೋಗದು. ಈ ಗಂಟನ್ನು ಬಿಡಿಸಿದವನು ಅಪ್ಪ. ಹಲಗೆಯನ್ನು ಜಾಕಿನ ಕೆಳಗೆ ಇಡಬೇಡ, ಪಂಕ್ಚರ್ ಆದ ಚಕ್ರದ ಮುಂದೆ ಇಡು ಎಂದ. ಗಾಡಿಯನ್ನು ಮುಂದಕ್ಕೆ ನೂಕಿದರೆ ಚಕ್ರ 4 ಸೆಂ.ಮೀ. ದಪ್ಪದ ಹಲಗೆಯನ್ನು ತಾನಾಗಿ ಹತ್ತುತ್ತದೆ. 10 ಇದ್ದದ್ದು 14 ಆಗುತ್ತದೆ. ಆಗ ಜಾಕಿನ ಕೆಳಗೆ ದಪ್ಪನೆಯ ಕಬ್ಬಿಣದ ತಗಡು ಇಡಲೂ ಜಾಗವಿರುತ್ತದೆ. ಮಗಳು ಇದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡಳು. ಯಾವ ಪಠ್ಯದಲ್ಲಿಯೂ ಇಲ್ಲದ್ದು.

ಹಿತ್ತಲಿನಲ್ಲಿ ಎರಡು ಭಾನುವಾರ ಅಭ್ಯಾಸ ನಡೆಯಿತು. ಅಕ್ಕಪಕ್ಕದವರು ಇಣುಕಿ ನೋಡಿದರು. ಗೇರಿನಲ್ಲಿ ನಿಲ್ಲಿಸಿದರೆ ಗಾಡಿ ಅಲ್ಲಾಡುವುದಿಲ್ಲ ಎಂಬ ನಂಬಿಕೆ ಮೊದಲ ದಿನವೇ ಬಿದ್ದುಹೋಯಿತು. ಆಟೋದ ಹಿಂದಿನ ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ ಇದೆ. ತಿರುವಿನಲ್ಲಿ ಒಂದು ಚಕ್ರ ಇನ್ನೊಂದಕ್ಕಿಂತ ವೇಗವಾಗಿ ತಿರುಗಲೆಂದೇ ಅದನ್ನು ಇಟ್ಟಿರುವುದು. ಒಂದು ಚಕ್ರ ಗಾಳಿಯಲ್ಲಿದ್ದಾಗ ಅದು ಹಿಂದಕ್ಕೆ ತಿರುಗಿ, ನೆಲದ ಮೇಲಿನ ಚಕ್ರವನ್ನು ಉರುಳಲು ಬಿಟ್ಟುಬಿಡುತ್ತದೆ. ಗೇರು ಇದ್ದೂ ಇಲ್ಲದಂತೆ. ಹತ್ತಕ್ಕೆ ಒಂದರಷ್ಟು ಇಳಿಜಾರಿದ್ದರೆ 350 ಕೆ.ಜಿ. ಗಾಡಿಯನ್ನು 35 ಕೆ.ಜಿ. ಬಲ ಕೆಳಕ್ಕೆ ಎಳೆಯುತ್ತಿರುತ್ತದೆ. ಎಂದರೆ ಸ್ಕೂಲಿಗೆ ಹೋಗುವ ಹುಡುಗನೊಬ್ಬ ಸದಾ ಜೋತುಬಿದ್ದಂತೆ. ಆದ್ದರಿಂದ ಹುಣಸೆ ಮರದ ಎರಡು ಅಡ್ಡಗಟ್ಟೆಗಳನ್ನು ಬಡಗಿಯಿಂದ ಓರೆಯಾಗಿ ಕೊಯ್ಯಿಸಿದ್ದಾಯಿತು. ನೆಲದ ಮೇಲಿರುವ ಎರಡು ಚಕ್ರಗಳಿಗೂ ಇಳಿಜಾರಿನ ಕಡೆಯಿಂದ ಅವನ್ನು ಕೊಡುವುದು. ಗುಂಡುಕಲ್ಲು ಕೂಡದು. ಉರುಳುವುದನ್ನು ತಡೆಯಲು ಉರುಳುವ ವಸ್ತುವನ್ನೇ ಇಡುವುದು ಎಂಥ ಜಾಣತನ?

ನಟ್ಟುಗಳನ್ನು ಸಡಿಲಿಸುವುದು ಎತ್ತುವುದಕ್ಕಿಂತ ಮೊದಲು. ಮೇಲೆತ್ತಿದ ಮೇಲೆ ಸ್ಪ್ಯಾನರ್ ಮೇಲೆ ಬಲ ಹಾಕಿದರೆ ಆ ಬಲವೆಲ್ಲ ಜಾಕಿನ ಕಾಲಿಗೆ ಬೀಳುತ್ತದೆ. ಪ್ರಯಾಣಿಕರು ಇಳಿದು ರಸ್ತೆಯ ಒಳಬದಿಗೆ ನಿಲ್ಲಬೇಕು. ತಿರುವಿನಲ್ಲೇ ನಿಲ್ಲಿಸುವುದಕ್ಕಿಂತ ಗಾಳಿಯಿಲ್ಲದ ಚಕ್ರದಲ್ಲೇ ಮೆಲ್ಲಗೆ ನಾಲ್ಕು ಮಾರು ಮುಂದೆ ಹೋಗಿ ಸಮತಟ್ಟಾದ ಜಾಗ ಹುಡುಕುವುದು ವಾಸಿ. ಟ್ಯೂಬ್ ಹಾಳಾಗುತ್ತದೆ ಎಂದು ಚಾಲಕ ಗೊಣಗಿದ. ಟ್ಯೂಬಿನ ಬೆಲೆ ಅವನಿಗೂ ಗೊತ್ತು, ಬೆರಳಿನ ಬೆಲೆಯೂ ಈಚೆಗೆ ಗೊತ್ತಾಗಿದೆ. ಹೆಚ್ಚು ಮಾತು ಬೆಳೆಯಲಿಲ್ಲ.

ಇದೆಲ್ಲಕ್ಕಿಂತ ಮುಖ್ಯವಾದ ವಸ್ತುವಿಗೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಜಾಕ್ ಇರುವುದು ಎತ್ತಲು, ಹಿಡಿದು ನಿಲ್ಲಿಸಲು ಅಲ್ಲ. ಎಷ್ಟೇ ಗಟ್ಟಿಯಾದ ಜಾಕ್ ಇರಲಿ, ಅದೊಂದನ್ನೇ ನಂಬಿ ಗಾಡಿಯ ಅಡಿಗೆ ಕೈ ಹಾಕಬಾರದು, ತಲೆಯನ್ನಂತೂ ಹಾಕಲೇಬಾರದು. ಗ್ಯಾರೇಜಿನಲ್ಲಿ ಅದಕ್ಕೆಂದೇ ಮುಕ್ಕಾಲಿ ಸ್ಟ್ಯಾಂಡುಗಳಿರುತ್ತವೆ. ರಸ್ತೆಯಲ್ಲಿ ಸ್ಟೆಪ್ನಿ ಇದೆ. ಎತ್ತಿದ ಕೂಡಲೇ ಸ್ಟೆಪ್ನಿಯನ್ನು ಮಲಗಿಸಿ ಚಾಸಿಸ್ಸಿನ ಕಂಬಿಯ ಕೆಳಗೆ ತಳ್ಳುವುದು. ಪಂಕ್ಚರ್ ಆದ ಚಕ್ರ ಬಿಚ್ಚಿದ ಮೇಲೆ ಅದನ್ನು ಅಲ್ಲಿಗೆ ತಳ್ಳಿ ಸ್ಟೆಪ್ನಿಯನ್ನು ಈಚೆಗೆ ಎಳೆದುಕೊಳ್ಳುವುದು. ಜಾಕ್ ಜಾರಿದರೂ ಗಾಡಿ ಕೂರುವುದು ಚಕ್ರದ ಮೇಲೆ, ಕೈ ಮೇಲಲ್ಲ. ಇದನ್ನು ಮಗಳು ಐದು ಬಾರಿ ಮಾಡಿಸಿದಳು. ಆರನೆಯ ಬಾರಿ ಹೆಂಡತಿ ಬಂದು, ನಾನೂ ಒಂದು ಸಲ ನೋಡ್ತೀನಿ ಎಂದು ಸೆರಗು ಸಿಕ್ಕಿಸಿಕೊಂಡು ಹಿಡಿ ತಿರುಗಿಸಿದಳು. ಗಾಡಿ ಎದ್ದಿತು. ‘ಇಷ್ಟೇನಾ!’ ಎಂದಳು.

ಜಾಕ್ ಈಗ ಸ್ಟ್ಯಾಂಡಿನಲ್ಲಿ ಪ್ರಸಿದ್ಧವಾಗಿದೆ. ಮೊದಮೊದಲು ‘ಏನಣ್ಣಾ, ಲಾರಿ ತಗೊಂಡ್ಯಾ?’ ಎಂದು ಕಿಚಾಯಿಸಿದವರೇ ಬೆಟ್ಟದ ಬಾಡಿಗೆ ಬಂದಾಗ ಕೇಳಿ ಒಯ್ಯುತ್ತಾರೆ. ಒಂದೆರಡು ಬಾರಿ ಬರಿಯ ಜಾಕ್ ಹೋಗಿ ಬರಿಯ ಜಾಕೇ ವಾಪಸು ಬಂತು, ಹಲಗೆ ಅಡ್ಡಗಟ್ಟೆಗಳು ಮೂಲೆಯಲ್ಲೇ ಇದ್ದವು. ಆಮೇಲೆ ಚಾಲಕ ಎಲ್ಲವನ್ನೂ ಒಂದು ಗೋಣಿಚೀಲಕ್ಕೆ ಹಾಕಿ ಬಾಯಿ ಹೊಲಿದಂತೆ ಕಟ್ಟಿದ್ದಾನೆ: ಜಾಕ್, ತಗಡು, ಹಲಗೆ, ಎರಡು ಅಡ್ಡಗಟ್ಟೆ. ಜಾಕ್ ಮಾತ್ರ ಸಾಕು ಎನ್ನುವವರಿಗೆ ಆತ ಕೊಡುವುದಿಲ್ಲ.